ರಟ್ಟಿನ ಟೋಪಿ

ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ದುರ್ಗಾಂಬಿಕಾಳ ಅಂಗಡಿ. ಅವಳು ಹೊಲಿಯುತ್ತಿದ್ದುದು ಟೋಪಿಗಳನ್ನು ಮಾತ್ರ. ಶಾಲೆಯ ಸ್ಕೌಟ್ ಮಕ್ಕಳಿಗೆ, ಅಡಿಕೆ ಗೋದಾಮಿನ ವಾಚ್‌ಮನ್‌ಗಳಿಗೆ, ಮದುವೆಯಲ್ಲಿ ನುಡಿಸುವ ಬ್ಯಾಂಡ್ ಸೆಟ್ಟಿನವರಿಗೆ ಯೂನಿಫಾರ್ಮಿನ ಟೋಪಿ ಬೇಕೆಂದರೆ ಹೊನ್ನಾಳಿ, ನ್ಯಾಮತಿ ಕಡೆಯವರೂ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಪ್ಪನಿಂದ ಬಂದ ಕಸುಬು. ಟೋಪಿ ಕೂರಿಸಿ ಇಸ್ತ್ರಿ ಮಾಡುವ ಅಪ್ಪನ ಕಾಲದ ಮರದ ಅಚ್ಚುಗಳು ಗೋಡೆಯ ಹಲಗೆಯ ಮೇಲೆ ಬೋಳು ತಲೆಗಳ ಹಾಗೆ ಸಾಲಾಗಿರುತ್ತಿದ್ದವು.

ಅಂಗಡಿಯಲ್ಲಿ ಇನ್ನೊಬ್ಬಳಿದ್ದಳು, ಭೀಮಕ್ಕ. ಉಬ್ರಾಣಿಯವಳು, ಗಂಡ ತೀರಿಕೊಂಡ ಮೇಲೆ ಕೆಲಸ ಕೇಳಿಕೊಂಡು ಬಂದು ಹನ್ನೊಂದು ವರ್ಷವಾಗಿತ್ತು. ವಯಸ್ಸಿನಲ್ಲಿ ನಾಲ್ಕೈದು ವರ್ಷ ದೊಡ್ಡವಳಾದರೂ ಯಜಮಾನಿ ಅನ್ನುವ ಕಾರಣಕ್ಕೆ ದುರ್ಗಾಂಬಿಕಾಳನ್ನು ಅಕ್ಕಾ ಅನ್ನುತ್ತಿದ್ದಳು. ಟೋಪಿಯನ್ನು ಯಾರು ಬೇಕಾದರೂ ಹೊಲಿದಾರು, ಆದರೆ ಎರಡು ವರ್ಷ ಕಳೆದರೂ ಅದು ಮೊದಲ ದಿನದ ಹಾಗೆ ನೆಟ್ಟಗೆ ನಿಲ್ಲಬೇಕಲ್ಲ? ಆ ವಿದ್ಯೆ ಭೀಮಕ್ಕನ ಕೈಯಲ್ಲಿತ್ತು. ಒಳಗೆ ಹಾಕುವ ಬಕ್ರಂ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಅದು ಕುಗ್ಗುವಷ್ಟು ಕುಗ್ಗಿದ ಮೇಲೇ ಕತ್ತರಿ ಹಾಕುತ್ತಿದ್ದಳು. ಸುತ್ತಿನ ಪಟ್ಟಿಗೂ ಹಣೆಯ ಮೇಲೆ ಚಾಚುವ ಪೀಕಿಗೂ ಗಟ್ಟಿ ಪ್ಲಾಸ್ಟಿಕ್ ಶೀಟು ಕೊಟ್ಟು, ಬೆರಳಗಲಕ್ಕೆ ನಾಲ್ಕು ಸಾಲು ಹೊಲಿಗೆ ಓಡಿಸುತ್ತಿದ್ದಳು. ದುರ್ಗಾಂಬಿಕಾಳ ಅಪ್ಪ ಇಬ್ಬರಿಗೂ ಒಂದೇ ರೀತಿ ಕಲಿಸಿದ್ದರು, ಕೈ ಹತ್ತಿದ್ದು ಮಾತ್ರ ಭೀಮಕ್ಕನಿಗೆ. ಅದು ದುರ್ಗಾಂಬಿಕಾಳಿಗೂ ಗೊತ್ತಿತ್ತು. ಗಿರಾಕಿಗಳ ಮುಂದೆ ಅದನ್ನು ಹೇಳುವ ಸಂದರ್ಭ ಬಂದಿರಲಿಲ್ಲ, ಅವಳು ತಂದುಕೊಂಡೂ ಇರಲಿಲ್ಲ.

ಒಂದು ವರ್ಷ ಏಪ್ರಿಲ್‌ನಲ್ಲಿ ಸವಳಂಗದ ಬ್ಯಾಂಡ್ ಸೆಟ್ಟಿನ ಇಪ್ಪತ್ತೆರಡು ಟೋಪಿಗಳ ಕೆಲಸ ಬಂತು. ತಂದವಳು ಭೀಮಕ್ಕನೇ. ಬ್ಯಾಂಡಿನ ಮಾಸ್ಟರ್ ತಿಪ್ಪೇರುದ್ರ ಅವಳ ತಂಗಿಯ ಅಳಿಯ. ಜಗಳೂರಿನಲ್ಲಿರುವ ತಂಗಿ ಸಾವಂತ್ರಮ್ಮನ ಮಗಳು ಮಮತಾಳನ್ನು ಕೊಟ್ಟಿದ್ದು ಅವನಿಗೆ. "ನಮ್ಮ ದೊಡ್ಡತ್ತೆ ಕೂರೋ ಅಂಗಡಿ ಬಿಟ್ಟು ಬ್ಯಾರೆ ಕಡೆ ಯಾಕೆ ಹೋಗಾನ" ಎಂದು ಅವನು ಕೆಂಪು ಬಟ್ಟೆ, ಜರಿ ಪಟ್ಟಿ ಎಲ್ಲ ತಾನೇ ಆರಿಸಿ ಕೊಟ್ಟು ಹೋಗಿದ್ದ. ಬಸವಾಪಟ್ಟಣದ ಒಂದು ದೊಡ್ಡ ಮದುವೆಗೆ ಅವು ಬೇಕಾಗಿದ್ದವು.

ದುರ್ಗಾಂಬಿಕಾ ಆ ತಿಂಗಳು ಕೈ ಮೀರಿ ಕೆಲಸ ಒಪ್ಪಿಕೊಂಡಿದ್ದಳು. ಪ್ಲಾಸ್ಟಿಕ್ ಶೀಟು ಮುಗಿದಿತ್ತು. ದಾವಣಗೆರೆಗೆ ಹೋಗಿ ತರಬೇಕು ಅಂದುಕೊಂಡದ್ದು ನಾಳೆ ನಾಳೆ ಎಂದು ಮುಂದಕ್ಕೆ ಹೋಗಿ, ಮದುವೆಗೆ ಮೂರೇ ದಿನ ಉಳಿಯಿತು. ಆಗ ಅವಳು ಪಕ್ಕದ ಬೇಕರಿಯಿಂದ ಕೇಕಿನ ಖಾಲಿ ಡಬ್ಬಿಗಳನ್ನು ಇಸಕೊಂಡು ಬಂದು ಭೀಮಕ್ಕನ ಮುಂದೆ ಇಟ್ಟಳು.

ಭೀಮಕ್ಕ ಡಬ್ಬಿಯನ್ನು ಮುಟ್ಟಲಿಲ್ಲ. "ರಟ್ಟು ಬ್ಯಾಡ ಅಕ್ಕಾ. ನೀರು ತಾಕಿದ್ರೆ ಕೂತ್ಕಂಬಿಡ್ತಾವೆ."

"ಬಿಸಿಲು ಹೆಂಗೈತೆ ನೋಡಿದ್ಯಾ? ಮಳೆ ಎಲ್ಲಿಂದ ಬರಬೇಕು?"

"ಬೆವರು ಬರಲ್ವಾ? ಅವರು ಕುಣಕಂತ ನುಡಿಸೋರು."

"ಈ ಒಂದು ಮದುವೆ ಮುಗೀಲಿ. ಆಮ್ಯಾಲೆ ಬಿಚ್ಚಿ ಶೀಟು ಹಾಕಿಕೊಡಾನ."

ಮರುದಿನ ಬೆಳಿಗ್ಗೆ ಭೀಮಕ್ಕ ಮತ್ತೆ ಅದೇ ಮಾತು ತೆಗೆದಳು. "ನಾನೇ ದಾವಣಗೆರೆಗೆ ಹೋಗಿ ಮಧ್ಯಾಹ್ನದೊಳಗೆ ಶೀಟು ತಂದುಬಿಡ್ತೀನಿ. ನಮ್ಮ ಹುಡುಗರ ಟೋಪಿ ಅವು."

"ನೀನು ಹೋದ್ರೆ ಹೊಲಿಯೋರು ಯಾರು? ಸುಮ್ನೆ ಹೊಲಿ ಭೀಮಕ್ಕ, ತಲೆ ತಿನ್ನಬ್ಯಾಡ."

ಭೀಮಕ್ಕ ಹೊಲಿದಳು. ಟೋಪಿಗಳು ಅಚ್ಚಿನ ಮೇಲಿಂದ ಇಳಿದಾಗ ನೋಡಲು ಚೆಂದವೇ ಇದ್ದವು.

ಮದುವೆಯ ಹಿಂದಿನ ಸಂಜೆ, ಗಂಡಿನ ಮೆರವಣಿಗೆ ಬಸವಾಪಟ್ಟಣದ ಬೀದಿಗೆ ಬಂದು ಸ್ವಲ್ಪ ಹೊತ್ತಿಗೆ ಮೋಡ ಕವಿಯಿತು. ಅರ್ಧ ಗಂಟೆ ಮಳೆ ಹೊಡೆಯಿತು. ನಂತರ ಏನಾಯಿತೆಂಬುದನ್ನು ದುರ್ಗಾಂಬಿಕಾ ಎಲ್ಲರ ಹಾಗೆ ಮೊಬೈಲಿನಲ್ಲಿ ನೋಡಿದಳು. ಟೋಪಿಗಳ ನೆತ್ತಿ ತಟ್ಟೆಯ ಹಾಗೆ ತಗ್ಗಾಗಿ ನೀರು ತುಂಬಿಕೊಂಡಿತ್ತು. ಪೀಕುಗಳು ಜೋತುಬಿದ್ದು ಕಣ್ಣು ಮುಚ್ಚಿದ್ದವು. ಡೋಲು ಬಡಿಯುವವನು ದಾರಿ ಕಾಣದೆ ಮುಂದಿನವನ ಬೆನ್ನಿಗೆ ಗುದ್ದಿಕೊಂಡ. ಕ್ಲಾರಿನೆಟ್ಟಿನ ಮುದುಕ ಟೋಪಿಯನ್ನು ಮೇಲಕ್ಕೆ ಎತ್ತಿದರೆ ಅದು ಅವನ ಕೈಯಲ್ಲೇ ಎರಡು ಹೋಳಾಯಿತು. ವರನ ಗೆಳೆಯರು ನಕ್ಕು ನಕ್ಕು ವೀಡಿಯೊ ಮಾಡುತ್ತಿದ್ದರು. ಯಾರೋ ಅದಕ್ಕೆ ತಮಾಷೆಯ ಹಾಡು ಸೇರಿಸಿ ಬಿಟ್ಟಿದ್ದರು. ತಿಪ್ಪೇರುದ್ರ ಮಾತ್ರ ಕೊನೆಯವರೆಗೂ ತಲೆ ನೆಟ್ಟಗೆ ಇಟ್ಟುಕೊಂಡು ಕೈಬೀಸಿ ಬ್ಯಾಂಡು ನಡೆಸುತ್ತಿದ್ದ. ಅವನ ಕಿವಿಯವರೆಗೂ ಟೋಪಿ ಇಳಿದಿತ್ತು.

ಸೋಮವಾರ ಬೆಳಿಗ್ಗೆ ಅವನು ಐದಾರು ಜನರೊಂದಿಗೆ ಅಂಗಡಿಗೆ ಬಂದ. ಆ ಹೊತ್ತಿಗೆ ಒಂದು ಪ್ರೌಢಶಾಲೆಯ ಪಿ.ಟಿ. ಮೇಷ್ಟ್ರು ಜಯದೇವಪ್ಪ ಸ್ಟೂಲಿನ ಮೇಲೆ ಕೂತು ಮುನ್ನೂರು ಸ್ಕೌಟ್ ಟೋಪಿಗಳ ಬಗ್ಗೆ ಮಾತಾಡುತ್ತಿದ್ದರು. ಭೀಮಕ್ಕ ಒಳಗಿನ ಮೇಜಿನ ಹತ್ತಿರ ಬಟ್ಟೆ ಕತ್ತರಿಸುತ್ತಿದ್ದಳು. ತಿಪ್ಪೇರುದ್ರ ಚೀಲವನ್ನು ಕಟ್ಟೆಯ ಮೇಲೆ ಸುರಿದ. ಒದ್ದೆ ಟೋಪಿಗಳು ಕೆಂಪು ಮುದ್ದೆಗಳಾಗಿ ಬಿದ್ದವು.

"ನಮಗೇ ಟೋಪಿ ಹಾಕಿದ್ರಲ್ರೀ," ಎಂದ. ಅವನ ಜೊತೆಯವರಲ್ಲಿ ಯಾರೂ ನಗಲಿಲ್ಲ.

ಒಂದು ಟೋಪಿಯ ಅಸ್ತರನ್ನು ಹರಿದು ಒಳಗಿನದನ್ನು ಎಳೆದ. ನೆಂದ ರಟ್ಟಿನ ತುಂಡು ಬಂತು. ಅದರ ಮೇಲೆ 'ಹ್ಯಾಪಿ ಬರ್ತ್' ಎಂಬಷ್ಟು ಅಕ್ಷರಗಳಿದ್ದವು. ಅವನು ಅದನ್ನು ಮೇಷ್ಟ್ರಿಗೂ ಕಾಣುವಂತೆ ಎತ್ತಿ ಹಿಡಿದ. "ಏನ್ರೀ ಇದು?"

ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಓದಿದರು. ಆಮೇಲೆ ದುರ್ಗಾಂಬಿಕಾಳ ಮುಖ ನೋಡಿದರು.

ಮುಂದೆ ಎಷ್ಟೋ ದಿನ ಅವಳು ಆ ಗಳಿಗೆಯನ್ನು ನೆನೆಸಿಕೊಂಡಳು. ಹೇಳಬಹುದಾದ ಮಾತು ನಾಲ್ಕಾರಿದ್ದವು. ಅವಳ ಬಾಯಿಂದ ಬಂದದ್ದು ಇದು: "ಅಯ್ಯೋ, ನಂಗೆ ಗೊತ್ತೇ ಇಲ್ಲಪ್ಪಾ. ಆ ಎರಡು ದಿನ ನಾನು ಅಂಗಡೀಲೇ ಇರಲಿಲ್ಲ. ಭೀಮಕ್ಕ ಹಾಕಿರಬೇಕು."

ಕತ್ತರಿಯ ಸದ್ದು ನಿಂತಿತು. ಭೀಮಕ್ಕ ತಲೆ ಎತ್ತಿ ದುರ್ಗಾಂಬಿಕಾಳನ್ನೇ ನೋಡಿದಳು. ಬೈಯುವ ನೋಟವಲ್ಲ, ಅಳುವ ನೋಟವೂ ಅಲ್ಲ. ತಪ್ಪು ಬಾಯಿಗೆ ಬಂತು, ಈಗ ಸರಿ ಮಾಡ್ತಾಳೆ ಅಂತ ಕಾಯುವವರ ಹಾಗೆ ನೋಡಿದಳು. ದುರ್ಗಾಂಬಿಕಾ ಕಟ್ಟೆಯ ಮೇಲಿನ ಟೋಪಿಗಳನ್ನು ಅತ್ತಿತ್ತ ಸರಿಸತೊಡಗಿದಳು.

"ದೊಡ್ಡತ್ತೆ, ನೀನಾ?" ಎಂದ ತಿಪ್ಪೇರುದ್ರ. ಅವನ ದನಿ ಒಮ್ಮೆಗೇ ಕುಸಿದಿತ್ತು. "ನಮ್ಮೋರು ಅಂತ ನಂಬಿ ಬಂದಿದ್ದಕ್ಕೆ ನಮ್ಮನ್ನೇ ಬೀದೀಲಿ ನಿಲ್ಲಿಸಿದ್ಯಲ್ಲ."

ಭೀಮಕ್ಕ ಕತ್ತರಿ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಅವರ ನಡುವೆಯೇ ಹಾದು ಹೊರಗೆ ಹೋದಳು.

"ಕೆಲಸದೋರನ್ನ ನಂಬಿದ್ರೆ ಹಿಂಗೇನೆ ಬಿಡಮ್ಮ," ಅಂದರು ಜಯದೇವಪ್ಪ ಮೇಷ್ಟ್ರು. ಮುನ್ನೂರು ಟೋಪಿಗಳ ಅಳತೆಯ ಹಾಳೆಯನ್ನು ಅವಳ ಕೈಗೆ ಕೊಟ್ಟು ಎದ್ದರು.

ಮರುದಿನ ಭೀಮಕ್ಕ ಬರಲಿಲ್ಲ. ದುರ್ಗಾಂಬಿಕಾಳಿಗೆ ಮೊದಲು ಬಂದದ್ದು ಸಿಟ್ಟು. ಬಾಯಿ ಇಲ್ವಾ ಅವಳಿಗೆ? ನೀನೇ ಹೇಳಿದ್ದು ಅಂತ ಅಲ್ಲೇ ಅನ್ನಬಹುದಿತ್ತಲ್ಲ? ಹೀಗೆ ಅಂದುಕೊಂಡು ಒಂದು ವಾರ ಕಳೆದಳು. ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಎತ್ತದೇ ಇದ್ದದ್ದು ಒಳಗೊಳಗೇ ಸಮಾಧಾನವನ್ನೂ ಕೊಟ್ಟಿತು.

ಶಾಲೆಯ ಟೋಪಿಗಳನ್ನು ಒಬ್ಬಳೇ ಹೊಲಿದಳು. ಬಕ್ರಂ ನೆನೆಸಲು ಕೂತರೆ ಭೀಮಕ್ಕ ಅದನ್ನು ಹಿಂಡದೆ ಹಾಗೆಯೇ ಎತ್ತಿ ನೀರು ಇಳಿಸುತ್ತಿದ್ದುದು ಕಣ್ಣಿಗೆ ಕಟ್ಟುತ್ತಿತ್ತು. ಈ ಕೆಲಸ ತನಗೆ ಸಿಕ್ಕಿದ್ದು ಯಾವ ಮಾತಿನಿಂದ ಅನ್ನುವುದು ಪ್ರತಿ ಟೋಪಿಗೂ ನೆನಪಾಗುತ್ತಿತ್ತು. ಕೊನೆಗೆ ಒಂದು ದಿನ ಗಂಡ ವೆಂಕಟೇಶನಿಗೆ ಎಲ್ಲ ಹೇಳಿದಳು. ಅವನು ಚನ್ನಗಿರಿಗೂ ಹೊನ್ನಾಳಿಗೂ ಓಡುವ ಖಾಸಗಿ ಬಸ್ಸಿನ ಡ್ರೈವರ್.

"ಆಗಿದ್ದು ಆಗಿಹೋತು ಬಿಡು," ಅಂದ ವೆಂಕಟೇಶ್. "ನಾಲ್ಕು ದಿನಕ್ಕೆ ಎಲ್ಲರೂ ಮರೀತಾರೆ."

ಆದರೆ ಮರೆತಿಲ್ಲ ಅನ್ನುವ ಸುದ್ದಿಯನ್ನು ತಂದವನೂ ಅವನೇ. ಮಳೆಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು ಹೇಳಿದ: "ಇವತ್ತು ಬಸ್ಸಲ್ಲಿ ಇಬ್ಬರು ಹೆಂಗಸರು ಮಾತಾಡ್ತಿದ್ರು. ಯಾರದೋ ಮನೆ ನಾಮಕರಣಕ್ಕೆ ಭೀಮಕ್ಕನ್ನ ಕರೀಲಿಲ್ಲವಂತೆ. ಕರೆಯೋದು ಬ್ಯಾಡ, ರಟ್ಟಿನ ಭೀಮಿ ಬಂದ್ರೆ ಬ್ಯಾಂಡಿನೋರು ಎದ್ದು ಹೋಗ್ತಾರೆ ಅಂದ್ರಂತೆ. ಉಬ್ರಾಣಿ ಬಿಟ್ಟು ಜಗಳೂರಿಗೆ ತಂಗಿ ಮನೆಗೆ ಹೋಗಿದಾಳಂತೆ."

"ಏನಂದ್ರು? ಏನಂತ ಹೆಸರಿಟ್ಟಿದಾರೆ?"

ವೆಂಕಟೇಶ್ ಇನ್ನೊಂದು ಸಲ ಹೇಳಲಿಲ್ಲ. ದುರ್ಗಾಂಬಿಕಾ ತಟ್ಟೆಯ ಮುಂದಿನಿಂದ ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಅಳು ಬರಲಿಲ್ಲ. ಮೈಯೆಲ್ಲ ಬಿಸಿಯಾಗಿ, ಯಾರಾದರೂ ನೋಡುತ್ತಿದ್ದಾರೇನೋ ಎಂದು ಸುತ್ತ ನೋಡಿಕೊಂಡಳು.

ಅದೇ ವಾರ ಅವಳು ಒಂದು ಹೊಸ ಸೀರೆ ಕೊಂಡು, ದಾವಣಗೆರೆಯಲ್ಲಿ ಬಸ್ ಬದಲಿಸಿ, ಜಗಳೂರಿಗೆ ಹೋದಳು. ಸಾವಂತ್ರಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲ ಪಕ್ಕದಲ್ಲೇ ಮಿಷನ್ ಇಟ್ಟುಕೊಂಡು ಭೀಮಕ್ಕ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಹಿಂದಿನ ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ದುರ್ಗಾಂಬಿಕಾಳನ್ನು ಕಂಡು ಮಿಷನ್ ನಿಲ್ಲಿಸಿದಳು. "ಬಾ ಅಕ್ಕಾ" ಎಂದು ಕುರ್ಚಿ ತೋರಿಸಿದಳು, ನೀರು ತಂದು ಕೊಟ್ಟಳು. ಸಾವಂತ್ರಮ್ಮ ಒಳಬಾಗಿಲಲ್ಲಿ ನಿಂತವಳು ಮಾತಾಡಿಸಲೂ ಇಲ್ಲ, ಹೋಗಲೂ ಇಲ್ಲ.

"ಭೀಮಕ್ಕಾ, ನನ್ನದು ತಪ್ಪಾತು. ರಟ್ಟು ಹಾಕು ಅಂದಿದ್ದು ನಾನು. ನೀನು ಬ್ಯಾಡ ಅಂದಿದ್ದೆ."

"ಅದು ನಂಗೆ ಗೊತ್ತೈತೆ. ನಿಂಗೂ ಗೊತ್ತೈತೆ. ಇಬ್ಬರಿಗೂ ಗೊತ್ತಿರೋದನ್ನ ಹೇಳಾಕೆ ಇಷ್ಟು ದೂರ ಬಂದ್ಯಾ?"

"ನೀನು ಅವತ್ತೇ ಹೇಳಬಹುದಿತ್ತಲ್ಲ," ಅಂದಳು ದುರ್ಗಾಂಬಿಕಾ. ಅಂದ ಕೂಡಲೇ ಅನ್ನಬಾರದಿತ್ತು ಅನಿಸಿತು.

"ನೀನು ಹೇಳ್ತೀಯ ಅಂತ ಕಾದೆ," ಅಂದಳು ಭೀಮಕ್ಕ. "ಬಸ್ ಸ್ಟ್ಯಾಂಡಿನ ತನಕ ನಿಧಾನಕ್ಕೇ ನಡೆದೆ. ಹಿಂದಿನಿಂದ ಕರೀತೀಯೇನೋ ಅಂತ. ಆಮ್ಯಾಲೆ ತಿಪ್ಪೇರುದ್ರನ ಹತ್ರ ಹೇಳಿದೆ. ಅವನು ನಂಬಲಿಲ್ಲ. ಯಜಮಾನಿ ಯಾಕೆ ಸುಳ್ಳು ಹೇಳ್ತಾಳೆ ಅಂದ. ನನ್ನಿಂದಾಗಿ ಅವನು ಅತ್ತೆ ಮನೆಗೆ ಕಾಲಿಡಲ್ಲ, ಮಮತಾನ್ನ ಕಳಿಸಲ್ಲ. ನಮ್ಮ ಸಾವಂತ್ರಿ ಮಗಳ ಮುಖ ನೋಡಿ ಐದು ತಿಂಗಳಾತು."

ಸಾವಂತ್ರಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ದುರ್ಗಾಂಬಿಕಾ ತೊಡೆಯ ಮೇಲಿದ್ದ ಸೀರೆಯ ಪೊಟ್ಟಣವನ್ನು ಮುಂದಕ್ಕೆ ಚಾಚಿದಳು. ಭೀಮಕ್ಕ ಕೈ ನೀಡಲಿಲ್ಲ.

"ಅದನ್ನ ತಗಂಡು ಹೋಗು. ಹೇಳೋದಿದ್ರೆ ಅವರ ಹತ್ರ ಹೇಳು, ನನ್ನ ಹತ್ರ ಅಲ್ಲ," ಎಂದು ಮತ್ತೆ ಮಿಷನ್ ತುಳಿಯತೊಡಗಿದಳು.

ಸವಳಂಗಕ್ಕೆ ಹೋಗಲು ದುರ್ಗಾಂಬಿಕಾಳಿಗೆ ಇನ್ನೂ ಮೂರು ವಾರ ಬೇಕಾಯಿತು. ಒಮ್ಮೆ ಹೊನ್ನಾಳಿಯವರೆಗೆ ಹೋಗಿ, ಗಂಡನ ಬಸ್ಸಿನಲ್ಲೇ ವಾಪಸ್ಸು ಬಂದಳು. ಎರಡನೆಯ ಸಲ, ಒಂದು ಭಾನುವಾರ, ಸವಳಂಗದಲ್ಲಿ ಇಳಿದಳು. ಸಮುದಾಯ ಭವನದ ಮುಂದೆ ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದರು. ಅವರ ತಲೆಯ ಮೇಲೆ ಟೋಪಿ ಇರಲಿಲ್ಲ. ಆ ಮದುವೆಯ ನಂತರ ಅವರು ಬರೀ ತಲೆಯಲ್ಲೇ ನುಡಿಸಲು ಹೋಗುತ್ತಿದ್ದರು.

ತಿಪ್ಪೇರುದ್ರನನ್ನು ಪಕ್ಕಕ್ಕೆ ಕರೆದಳು. "ಒಂದು ಮಾತು ಹೇಳೋದಿತ್ತು. ಆ ಟೋಪಿ ವಿಷಯ. ಭೀಮಕ್ಕಂದು ತಪ್ಪಿಲ್ಲ."

ಅವನು ಅವಳನ್ನು ದಿಟ್ಟಿಸಿ ನೋಡಿದ. "ಇಲ್ಲಿ ಮೂಲೇಲಿ ಯಾಕ್ರೀ? ಅವತ್ತು ಎಲ್ಲರ ಮುಂದೇನೆ ಹೇಳಿದ್ರಲ್ಲ. ಇದನ್ನೂ ಎಲ್ಲರ ಮುಂದೆ ಹೇಳ್ರಿ."

ಅವನು ಕೈ ಎತ್ತಿದ. ಡೋಲು ನಿಂತಿತು, ಕಹಳೆ ನಿಂತಿತು. ಇಪ್ಪತ್ತು ಜನ ಅವಳತ್ತ ತಿರುಗಿದರು. ಭವನದ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದ ಮಮತಾ ಮೊರ ಬದಿಗಿಟ್ಟು ಎದ್ದು ಬಂದಳು.

ದುರ್ಗಾಂಬಿಕಾ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಆದರೂ ಶುರು ಮಾಡಿದ್ದು ತಪ್ಪಾಗಿಯೇ. "ಏನಾತು ಅಂದ್ರೆ, ಶೀಟು ಮುಗಿದಿತ್ತು. ದಾವಣಗೆರೆಗೆ ಹೋಗಾಕೆ ಪುರುಸೊತ್ತು ಆಗಲಿಲ್ಲ. ಆ ತಿಂಗಳು ಕೆಲಸ ಬಾಳ ಇತ್ತು, ಮತ್ತೆ ಬಿಸಿಲೂ..."

"ಅದೆಲ್ಲ ಬ್ಯಾಡ್ರಿ," ಮಮತಾ ತಡೆದಳು. "ರಟ್ಟು ಹಾಕು ಅಂದೋರು ಯಾರು?"

"ನಾನು."

"ನಮ್ಮ ದೊಡ್ಡವ್ವ ಬ್ಯಾಡ ಅಂದಿದ್ಲಾ, ಇಲ್ವಾ?"

"ಅಂದಿದ್ಲು."

"ಎಷ್ಟು ಸಲ?"

"ಎರಡು ಸಲ. ತಾನೇ ಹೋಗಿ ಶೀಟು ತರ್ತೀನಿ ಅಂದ್ಲು. ನಾನೇ ಬಿಡಲಿಲ್ಲ. ನಾನು ಅಂಗಡೀಲೇ ಇದ್ದೆ ಎರಡೂ ದಿನ." ಅವಳ ದನಿ ಅವಳಿಗೇ ಕೇಳದಷ್ಟು ಸಣ್ಣದಾಗಿತ್ತು. "ಮೇಷ್ಟ್ರು ಕೂತಿದ್ರು. ಶಾಲೆ ಕೆಲಸ ಕೈತಪ್ಪಿ ಹೋಗುತ್ತೆ ಅಂತ ಸುಳ್ಳು ಹೇಳಿದೆ."

ಹಿಂದಿನ ಸಾಲಿನಿಂದ ಕ್ಲಾರಿನೆಟ್ಟಿನ ಮುದುಕ, "ಜೋರಾಗಿ ಹೇಳ್ರಮ್ಮ, ಇಲ್ಲಿಗೆ ಕೇಳಿಸಲಿಲ್ಲ" ಅಂದ. ಚುಚ್ಚಲೆಂದು ಅಂದದ್ದಲ್ಲ, ಅವನಿಗೆ ನಿಜವಾಗಿ ಕಿವಿ ಮಂದ. ಅವಳು ಎಲ್ಲವನ್ನೂ ಮೊದಲಿನಿಂದ, ಗಟ್ಟಿಯಾಗಿ, ಇನ್ನೊಂದು ಸಲ ಹೇಳಬೇಕಾಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಬೈಕಿನವನೊಬ್ಬ ನಿಲ್ಲಿಸಿ ಕೇಳಿಸಿಕೊಂಡ.

ತಿಪ್ಪೇರುದ್ರ ಡೋಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಅವಳು ಮನೆಗೆ ಬಂದು ಹೇಳಿದ್ಲು," ಅಂದ ಯಾರಿಗೂ ಅಲ್ಲದ ಹಾಗೆ. "ನೀರೂ ಕೊಡಲಿಲ್ಲ ನಾನು. ಹೊಸಿಲ ಹೊರಗೇ ನಿಲ್ಲಿಸಿ ಕಳಿಸಿದೆ." ಆಮೇಲೆ ಅವನ ಸಿಟ್ಟು ದುರ್ಗಾಂಬಿಕಾಳ ಕಡೆ ತಿರುಗಿತು. "ಟೋಪಿ ಹೋದ್ರೆ ಹೋಗಲಿ ಕಣ್ರೀ. ನಿಮ್ಮ ಮಾತು ಕಟ್ಟಿಕೊಂಡು ನಮ್ಮೋಳನ್ನ ನಾನು ಏನೇನಂದೆ ಗೊತ್ತಾ ನಿಮಗೆ? ಆರು ತಿಂಗಳು ಹೆಂಗೆ ಸುಮ್ನಿದ್ರಿ ನೀವು?"

ಅವಳು ತಲೆ ತಗ್ಗಿಸಿ ನಿಂತಿದ್ದಳು. "ಹೊಸ ಟೋಪಿ ನಾನು ಹೊಲಿದು ಕೊಡ್ತೀನಿ," ಅಂದಳು ಕೊನೆಗೆ.

"ನಿಮ್ಮ ಟೋಪಿ ನಮಗೆ ಬ್ಯಾಡ," ಅಂದಳು ಮಮತಾ. "ದೊಡ್ಡವ್ವ ಮನಸು ಮಾಡಿದ್ರೆ ಅವಳ ಕೈಲಿ ಹೊಲಿಸ್ತೀವಿ. ನೀವಿನ್ನು ಹೊರಡ್ರಿ."

ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು. ಭವನದ ಎದುರಿಗೇ ನಿಲ್ದಾಣ. ಬ್ಯಾಂಡು ಮತ್ತೆ ಶುರುವಾಗಲಿಲ್ಲ. ಅಷ್ಟು ಹೊತ್ತೂ ಅವಳು ಅವರ ಕಣ್ಣೆದುರೇ ನಿಂತಿದ್ದಳು.

ಎರಡು ದಿನಕ್ಕೆ ತಿಪ್ಪೇರುದ್ರ, ಮಮತಾ ಇಬ್ಬರೂ ಜಗಳೂರಿಗೆ ಹೋದರು. ಅಲ್ಲಿ ಏನು ಮಾತಾಯಿತೋ ದುರ್ಗಾಂಬಿಕಾಳಿಗೆ ತಿಳಿಯಲಿಲ್ಲ. ಜಯದೇವಪ್ಪ ಮೇಷ್ಟ್ರಿಗೆ ಅವಳೇ ಶಾಲೆಗೆ ಹೋಗಿ ಹೇಳಿದಳು. ಅವರು ಮುಜುಗರಪಟ್ಟು, "ಈಗ ಅದೆಲ್ಲ ಯಾಕ್ರಿ" ಎಂದು ಮಕ್ಕಳ ಕಡೆ ಸೀಟಿ ಊದಿದರು. ಮುಂದಿನ ವರ್ಷದ ಟೋಪಿಗೆ ಅವರು ಬರಲಿಲ್ಲ.

ಡಿಸೆಂಬರಿನಲ್ಲಿ ಭೀಮಕ್ಕನ ಫೋನ್ ಬಂತು. "ಅಕ್ಕಾ, ಶೀಟು ಕೊಡೋ ದಾವಣಗೆರೆ ಅಂಗಡಿ ನಂಬರು ಹೇಳು. ಬ್ಯಾಂಡಿನ ಟೋಪಿ ಒಪ್ಪಿಕೊಂಡೀನಿ."

"ನಾನೇ ತಗಂಡು ಬರ್ತೀನಿ. ಅಚ್ಚುಗಳನ್ನೂ ತರ್ತೀನಿ. ಇಬ್ಬರೂ ಕೂತು ಮಾಡಾನ."

"ಬಾ. ಆದ್ರೆ ಹೊಲಿಗೆ ನಾನು ಹಾಕ್ತೀನಿ. ನೀನು ಬಕ್ರಂ ನೆನೆಸು, ಇಸ್ತ್ರಿ ಮಾಡು."

ದುರ್ಗಾಂಬಿಕಾ ಸಾವಂತ್ರಮ್ಮನ ಮನೆಯ ನಡುಮನೆಯಲ್ಲಿ ನಾಲ್ಕು ದಿನ ಕೆಲಸ ಮಾಡಿದಳು. ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಳು, ಸಂಜೆಗೆ ಹೋಗುತ್ತಿದ್ದಳು. ಒಂದು ಸಲ ಅವಳು ಇಸ್ತ್ರಿ ಮಾಡಿದ ಟೋಪಿಯ ಅಂಚು ಸೊಟ್ಟಗಾಯಿತು. ಭೀಮಕ್ಕ ಅದನ್ನು ತಿರುಗಿಸಿ ನೋಡಿ, ನೀರು ಚಿಮುಕಿಸಿ ಮತ್ತೆ ಅವಳ ಮುಂದಿಟ್ಟಳು. ಊಟಕ್ಕೆ ಸಾವಂತ್ರಮ್ಮ ಇಬ್ಬರಿಗೂ ಒಟ್ಟಿಗೇ ಬಡಿಸಿದಳು. ಹನ್ನೊಂದು ವರ್ಷದಲ್ಲಿ ತಾನು ಭೀಮಕ್ಕನ ಪಕ್ಕ ಕೂತು ಉಂಡದ್ದು ಇದೇ ಮೊದಲು ಅನ್ನುವುದು ದುರ್ಗಾಂಬಿಕಾಳಿಗೆ ಎರಡನೆಯ ದಿನ ಹೊಳೆಯಿತು. ಅಂಗಡಿಯಲ್ಲಿದ್ದಾಗ ಅವಳು ಮನೆಗೆ ಹೋಗಿ ಉಣ್ಣುತ್ತಿದ್ದಳು, ಭೀಮಕ್ಕ ಒಳಗೆ ಮೇಜಿನ ಪಕ್ಕ ನೆಲದ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಯಾಕೆ ಹಾಗೆ ಅಂತ ಯಾರೂ ಕೇಳಿರಲಿಲ್ಲ.

ಕೊನೆಯ ದಿನ ಭೀಮಕ್ಕ ಒಂದು ಟೋಪಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಎತ್ತಿ ಜಾಡಿಸಿ, ಬಿಸಿಲಿನಲ್ಲಿಟ್ಟಳು. ಟೋಪಿ ಕದಲಲಿಲ್ಲ. ಬ್ಯಾಂಡಿನವರು ಬಂದು ಒಯ್ದರು. ಅವರು ಭೀಮಕ್ಕನ ಕಾಲು ಮುಟ್ಟಲು ಬಗ್ಗಿದಾಗ ಅವಳು ಹಿಂದೆ ಸರಿದು, "ಸಾಕು ಎದ್ದೇಳ್ರೋ, ಪೀಕು ಹಿಡಕಂಡು ಎತ್ತಬ್ಯಾಡ್ರಿ, ಪಟ್ಟಿ ಹಿಡಕಂಡು ಎತ್ರಿ" ಅಂದಳು.

ಭೀಮಕ್ಕ ಚನ್ನಗಿರಿಗೆ ವಾಪಸ್ಸು ಬರಲಿಲ್ಲ. ಬಾ ಎಂದು ದುರ್ಗಾಂಬಿಕಾ ಕೇಳಿದ್ದಳು. "ಆ ಅಂಗಡಿ ಬಾಗಿಲು ದಾಟಾಕೆ ಆಗಲ್ಲಕ್ಕ" ಅಂದಳು ಭೀಮಕ್ಕ, ಅಷ್ಟೇ. ಜಗಳೂರಿನಲ್ಲೇ ಟೋಪಿ ಹೊಲಿಯಲು ಶುರು ಮಾಡಿದಳು. ಆ ಕಡೆಯಿಂದ ಬಂದ ಗಿರಾಕಿಗಳನ್ನು ದುರ್ಗಾಂಬಿಕಾ ಅವಳ ಹತ್ತಿರವೇ ಕಳಿಸುತ್ತಾಳೆ, ವಾರಕ್ಕೊಮ್ಮೆ ಅವರ ಅಳತೆ ಹೇಳಲು ಫೋನ್ ಮಾಡುತ್ತಾಳೆ. ಒಮ್ಮೆ ಅಳತೆ ಹೇಳುತ್ತ ಹೇಳುತ್ತ ಅವಳಿಗೆ ತಡೆಯಲಾಗಲಿಲ್ಲ.

"ಭೀಮಕ್ಕಾ, ಅವತ್ತು ನಾನು..."

"ಅಕ್ಕಾ, ತಲೆ ಸುತ್ತಳತೆ ಎಷ್ಟು ಹೇಳು. ಬಟ್ಟೆ ಕೈಯಲ್ಲೈತೆ."

"ಇಪ್ಪತ್ತೆರಡೂವರೆ," ಅಂದಳು ದುರ್ಗಾಂಬಿಕಾ.

"ಎಷ್ಟು ಜನಕ್ಕೆ?"

"ಎಂಟು ಜನಕ್ಕೆ."

"ಆತು," ಎಂದು ಭೀಮಕ್ಕ ಫೋನ್ ಇಟ್ಟಳು.